ಎರಡು ಸಲ ಕಳೆದದ್ದು

ಯಲ್ಲಾಪುರ
18 ನವೆಂಬರ್ 2024

ಪ್ರೀತಿಯ ಸ್ಫೂರ್ತಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಮಾನದಲ್ಲಿ ಕೂತು ಓದುತ್ತಿದ್ದರೆ ಮೊದಲು ಸೊಂಟದ ಪಟ್ಟಿ ಬಿಗಿದುಕೋ.

ಮೊನ್ನೆ ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ‘ವಿಮಾನದಿಂದ ಅಂಟಾರ್ಕ್ಟಿಕಾದ ಹಿಮ ಅಳೆದ ಬನವಾಸಿಯ ಮಗಳು.’ ಕೆಂಪು ಜಾಕೀಟು, ಹಿಂದೆ ಎರಡು ಎಂಜಿನ್ನಿನ ವಿಮಾನ, ಅದರ ಕಾಲಿಗೆ ಚಕ್ರದ ಬದಲು ಉದ್ದನೆಯ ಹಲಗೆ. ಮಾರ್ಚಿನಲ್ಲಿ ನೀನು ಬಂದ ಮೇಲೆ ಸಿರ್ಸಿಯಲ್ಲಿ ಸನ್ಮಾನವಂತೆ. ನಮ್ಮ ಕಾಲೇಜಿನಲ್ಲಿ ನಮಗಿಂತ ಎರಡು ವರ್ಷ ಹಿಂದಿದ್ದ ಉಲ್ಲಾಸ ಅದರ ಓಡಾಟದಲ್ಲಿದ್ದಾನೆ. ನನಗೂ ಫೋನ್ ಮಾಡಿ, ‘ಅವರ ಗೆಳತಿ ಅಂತ ನೀವೂ ಎರಡು ಮಾತಾಡಬೇಕು’ ಅಂದ. ಆಗಲಿ ಅಂದೆ.

ನಾನು ಹುಬ್ಬಳ್ಳಿ–ಅಂಕೋಲಾ ರಸ್ತೆಯ ಬದಿಯಲ್ಲಿ ಲಾರಿ ತೂಗುವ ಕಾಟಾ ನಡೆಸುತ್ತಿದ್ದೇನೆ. ಅಪ್ಪನದೇ ಕಾಟಾ. ಲಾರಿ ಹತ್ತುತ್ತದೆ, ನಾನು ಅಂಕಿ ಓದುತ್ತೇನೆ, ಲಾರಿ ಇಳಿಯುತ್ತದೆ. ನೀನು ಹಿಮ ಅಳೆಯುತ್ತೀಯ, ನಾನು ಜಲ್ಲಿ ತೂಗುತ್ತೇನೆ. ಹೆಚ್ಚು ದೂರವೇನೂ ಹೋಗಲಿಲ್ಲ ನೋಡು ನಾವು.

ಸಿರ್ಸಿಯ ಲ್ಯಾಬಿನ ದಿನ ನೆನಪಿದೆಯಾ? ನನಗೆ ಪೂರ್ತಿ ಶಬ್ದ ಬರೆಯಲು ಸೋಮಾರಿತನ. ತೊಳೆದಾಗಿದೆ ಎನ್ನುವುದಕ್ಕೆ ‘ತೊಳೆ’ ಎಂದಷ್ಟೇ ಚೀಟಿ ಅಂಟಿಸಿದ್ದೆ. ನೀನು ಅದನ್ನು ಅಪ್ಪಣೆ ಎಂದು ತಿಳಿದು ನಲವತ್ತು ಗಾಜಿನ ನಳಿಗೆ ಮತ್ತೊಮ್ಮೆ ತೊಳೆದು, ಕೈ ಬಿಳುಚಿಕೊಂಡು ಬಂದು ನನಗೆ ಬೈದಿದ್ದೆ.

ಒಂದು ಉಪಕಾರ ಮಾಡು. ಹೋದ ವರ್ಷ ನೀನು ಹಾರಿದ ಗೆರೆಗಳ ಅಂಕಿಗಳನ್ನೆಲ್ಲ ಕಳಿಸು. ನಿಮ್ಮ ರನ್‌ವೇ ಮೇಲಿನದ್ದೂ ಇರಲಿ. ಇಲ್ಲಿಯ ಹೈಸ್ಕೂಲಿನ ಮಕ್ಕಳಿಗೆ ತೋರಿಸಬೇಕು.

ನಿನ್ನ ಏಳಿಗೆ ಕಂಡು ಖುಷಿಪಟ್ಟ,
ಮಮತಾ


ಅಂಟಾರ್ಕ್ಟಿಕಾ, ಹಿಮನೆಲೆ
29 ನವೆಂಬರ್ 2024

ಮಮತಾ,

ನಿನ್ನ ಹೆಸರು ಇಮೇಲಿನಲ್ಲಿ ಕಂಡಾಗ ತೆರೆಯಲು ಧೈರ್ಯ ಬರಲಿಲ್ಲ. ಎರಡು ದಿನ ಬಿಟ್ಟು ತೆರೆದೆ. ನಳಿಗೆಯ ಕಥೆ ಓದಿ ಊಟದ ಮೇಜಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಪೈಲಟ್‌ಗೆ ಹೇಳಲು ಹೋದೆ. ‘ತೊಳೆ’ ಎಂಬ ಶಬ್ದ ಇಂಗ್ಲಿಷಿನಲ್ಲಿ ನಗು ತರಿಸಲಿಲ್ಲ.

ಇಲ್ಲಿ ಗಾಳಿ ನಿಂತ ದಿನ ಮಾತ್ರ ಹಾರಾಟ. ಹೊಲ ಉಳುವವರ ಹಾಗೆ ಹೋಗುವುದು, ತಿರುಗುವುದು, ಪಕ್ಕದ ಗೆರೆ ಹಿಡಿದು ಬರುವುದು. ಆರು ಗಂಟೆ ಅದೇ. ವಿಮಾನದ ಹೊಟ್ಟೆಯಲ್ಲಿ ಒಂದು ತೂತು, ಅದರಿಂದ ಲೇಸರ್ ಬೆಳಕು ಕೆಳಗೆ ಬಡಿದು ವಾಪಸ್ ಬರುತ್ತದೆ. ಬಂದ ಹೊತ್ತಿನಿಂದ ಹಿಮದ ಮೈ ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ. ಹಿಂದಿನ ವರ್ಷಗಳಲ್ಲಿ ಬೇರೆಯವರು ಬೇರೆ ವಿಮಾನದಲ್ಲಿ ಅಳೆದದ್ದಿದೆ. ಅದರ ಪಕ್ಕ ಇಟ್ಟು ನೋಡಿದರೆ ಹಿಮ ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ಮೋಡ ಕವಿದರೆ ನೆಲ, ಆಕಾಶ ಎರಡೂ ಹಾಲಿನ ಬಣ್ಣ. ಆಗ ನನ್ನ ಕೈಯನ್ನೇ ನೋಡುತ್ತ ಕೂರುತ್ತೇನೆ, ಬೇರೆ ನೋಡಲು ಏನೂ ಇರುವುದಿಲ್ಲ.

ಹೊರಡುವ ಮುಂಚೆ ದಿನಾ ರನ್‌ವೇ ಮೇಲೆ ಒಂದು ಸುತ್ತು. ಅಲ್ಲಿಯ ಎತ್ತರವನ್ನು ಕೋಲು ನೆಟ್ಟು ಅಳೆದಿಟ್ಟಿದ್ದೇವೆ. ಯಂತ್ರ ಅದಕ್ಕಿಂತ ಎಷ್ಟು ಹೆಚ್ಚು ಕಮ್ಮಿ ತೋರಿಸುತ್ತದೋ ಅದೇ ಆ ದಿನದ ಸೊನ್ನೆ. ಅದನ್ನು ಆ ದಿನದ ಎಲ್ಲ ಅಂಕಿಗಳಿಂದ ಕಳೆಯುತ್ತೇವೆ. ಇದೆಲ್ಲ ನಿನಗೆ ನಾನು ಹೇಳುವುದೇ? ನೀನೇ ಮಾಡಿದ ಕ್ರಮ. ನಿನ್ನ ನೀಲಿ ರಟ್ಟಿನ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ನಮ್ಮ ಪ್ರೋಗ್ರಾಮ್ ಇವತ್ತಿಗೂ ಅದರ ಮೇಲೇ ನಡೆಯುತ್ತದೆ.

ಅಂಕಿಗಳನ್ನು ಕಳಿಸಿದ್ದೇನೆ. ಬರುವ ವರ್ಷ ಅಚ್ಚಾಗಲಿರುವ ಲೇಖನದ ಕರಡೂ ಜೊತೆಗಿದೆ. ಅಪ್ಪ ಹೇಗಿದ್ದಾರೆ?

ಸ್ಫೂರ್ತಿ


ಯಲ್ಲಾಪುರ
14 ಡಿಸೆಂಬರ್ 2024

ಸ್ಫೂರ್ತಿ,

ಅಪ್ಪ ಸತ್ತು ಏಳು ವರ್ಷವಾಯಿತು.

‘ನಮ್ಮ ಪ್ರೋಗ್ರಾಮ್’ ಎಂದು ಬರೆದಿದ್ದೀಯಲ್ಲ, ಯಾರದ್ದು? ಕರಡು ತೆರೆದು ನೋಡಿದೆ. ಐದು ಹೆಸರುಗಳಿವೆ. ಮೊದಲನೆಯದು ನಿನ್ನದು. ಕೊನೆಯ ಪುಟದಲ್ಲಿ ಅಡುಗೆಯವರಿಗೂ ಕೃತಜ್ಞತೆ ಇದೆ. ನಾನು ಎಲ್ಲಿಯೂ ಇಲ್ಲ. ಪೇಪರಿನ ಫೋಟೋ ನೋಡಿದ ದಿನವೇ ಹೊಟ್ಟೆ ಉರಿದಿತ್ತು. ಆದರೂ ಬೆಣ್ಣೆ ಹಚ್ಚಿ ಪತ್ರ ಬರೆದೆ. ಬೆಣ್ಣೆ ಮುಗಿಯಿತು, ಈಗ ನೇರ ಹೇಳುತ್ತೇನೆ.

2015ರ ನವೆಂಬರ್. ಕಡಲ ದಂಡೆಯ ಆ ಸಂಸ್ಥೆಯಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅಂಟಾರ್ಕ್ಟಿಕಾದ ವಿಮಾನದಲ್ಲಿ ಒಂದೇ ಸೀಟು. ಅದು ನನಗೆ ಸಿಕ್ಕಿತ್ತು. ನಾನು ಹೋಗದಿದ್ದರೆ ನಿನಗೆ. ಅಪ್ಪ ಈ ಕಾಟಾದ ಮೇಲೇ ಲಕ್ವ ಹೊಡೆದು ಬಿದ್ದ. ಸುದ್ದಿ ಬಂತು, ಬಟ್ಟೆ ತುಂಬಿಕೊಂಡೆ, ಬಾಗಿಲಲ್ಲಿ ನಿಂತು ‘ಹೋಗಿ ಬರ್ತೆ’ ಅಂದೆ. ನೀನು ‘ಹೋಗಿ’ ಅಷ್ಟೇ ಕೇಳಿಸಿಕೊಂಡೆ.

ಹನ್ನೊಂದನೇ ದಿನ ಸಂಸ್ಥೆಗೆ ಫೋನ್ ಮಾಡಿದರೆ, ‘ನೀವು ಬರುವುದಿಲ್ಲ ಎಂದು ಗೆಳತಿ ತಿಳಿಸಿದರು, ಸೀಟು ಅವರಿಗೇ ಹೋಯಿತು’ ಅಂದರು. ನಾನು ಅವರನ್ನು ಬೈಯಲಿಲ್ಲ. ನಿನಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎರಡು ವರ್ಷ ಅಪ್ಪ ಹಾಸಿಗೆಯಲ್ಲಿ. ಬಾಯಿ ಸೊಟ್ಟ, ಆದರೂ ದಿನಾ ಒಂದೇ ಪ್ರಶ್ನೆ: ‘ಇಮಾನ ಯಾವತ್ತೆ?’ ಬರುವ ತಿಂಗಳು ಅಪ್ಪ, ಬರುವ ತಿಂಗಳು, ಎಂದು ಎರಡು ವರ್ಷ ಸುಳ್ಳು ಹೇಳಿಸಿದವಳು ನೀನು.

ನಿನ್ನ ಮೇಲೆ ನನಗಿರುವುದು ಬೇಸರವಲ್ಲ, ದ್ವೇಷ. ಚೆನ್ನಾಗಿ ಮಾಗಿದ ದ್ವೇಷ. ಚಂದಗುಳಿಯ ಘಂಟಿಗಣೇಶನಿಗೆ ಜನ ಮದುವೆಗೆ, ಮಗುವಿಗೆ ಹರಕೆ ಹೊತ್ತು, ಈಡೇರಿದ ಮೇಲೆ ಗಂಟೆ ಕಟ್ಟುತ್ತಾರೆ. ನಾನೂ ಒಂದು ಹೊತ್ತಿದ್ದೇನೆ. ಯಾವುದಕ್ಕೆ ಎಂದು ಹೇಳಬೇಕಿಲ್ಲ.

ಮಮತಾ


ಅಂಟಾರ್ಕ್ಟಿಕಾ, ಹಿಮನೆಲೆ
27 ಡಿಸೆಂಬರ್ 2024

ಮಮತಾ,

ಹತ್ತು ದಿನದಿಂದ ಗಾಳಿ. ವಿಮಾನಕ್ಕೆ ಹಗ್ಗ ಬಿಗಿದು ನೆಲಕ್ಕೆ ಕಟ್ಟಿದ್ದೇವೆ. ನಿನ್ನ ಪತ್ರದಿಂದ ತಪ್ಪಿಸಿಕೊಳ್ಳಲು ಕೆಲಸವೂ ಇಲ್ಲ.

ಹೌದು, ನಿನ್ನನ್ನು ಕೇಳಿಕೊಂಡು ಸಂಸ್ಥೆಯವರು ಮಾಡಿದ ಫೋನ್ ಎತ್ತಿದವಳು ನಾನೇ. ನೀನು ಹೋಗಿ ನಾಲ್ಕನೇ ದಿನ. ‘ಅವರು ವೈದ್ಯಕೀಯ ತಪಾಸಣೆಗೆ ಸೋಮವಾರ ಬರುತ್ತಾರಾ?’ ಎಂದು ಕೇಳಿದರು. ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ‘ಅಕಿ ಬರಂಗಿಲ್ರಿ, ಅವ್ರ ಅಪ್ಪಗ ಭಾಳ ಸೀರಿಯಸ್ ಐತಿ’ ಅಂದೆ. ಅಂದ ಮೇಲೆ ಫೋನ್ ಇಟ್ಟು ಕನ್ನಡಿ ನೋಡಿಕೊಂಡೆ. ಏನೂ ಬದಲಾದಂತೆ ಕಾಣಲಿಲ್ಲ. ಅದೇ ನನ್ನನ್ನು ಹೆದರಿಸಿತು. ನೀನು ಮಾಡಿದ ಹದಿನೇಳು ಕರೆ ಎಣಿಸಿದೆ, ಎತ್ತಲಿಲ್ಲ.

ನೆಪ ಹೇಳುವುದಿಲ್ಲ. ನನಗೆ ಆ ಸೀಟು ಬೇಕಿತ್ತು. ನಿನಗಿಂತ ನಾನು ಹಿಂದೆ ಎಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ನಿನ್ನ ಅಪ್ಪ ನನಗೆ ಹಾಸ್ಟೆಲಿಗೆ ಮಾವಿನಕಾಯಿಯ ಅಪ್ಪೆಹುಳಿ ತಂದುಕೊಟ್ಟವರು. ಅವರು ಹೋದದ್ದೂ ಗೊತ್ತಿಲ್ಲದೆ ‘ಹೇಗಿದ್ದಾರೆ’ ಎಂದು ಕೇಳಿದೆನಲ್ಲ.

ನಾನೇನು ಮಾಡಬೇಕು ಹೇಳು. ಮಾಡುತ್ತೇನೆ.

ಸ್ಫೂರ್ತಿ


ಯಲ್ಲಾಪುರ
9 ಜನವರಿ 2025
(ಕಳಿಸದೆ ಇಟ್ಟ ಪತ್ರ)

ಸ್ಫೂರ್ತಿ,

ಇದನ್ನು ನಿನಗೆ ಕಳಿಸುವುದಿಲ್ಲ. ಬರೆಯದಿದ್ದರೆ ಮಾತ್ರ ಹೊಟ್ಟೆ ಒಡೆಯುತ್ತದೆ.

ಮೂರು ವಾರದಿಂದ ಕಾಟಾದ ಖೋಲಿಯಲ್ಲಿ ಕೂತು ನಿನ್ನ ಅಂಕಿಗಳನ್ನು ಕೆದಕುತ್ತಿದ್ದೇನೆ. ಒಂದು ಲಾರಿ ಇಳಿದು ಇನ್ನೊಂದು ಹತ್ತುವುದರೊಳಗೆ ಒಂದೊಂದು ಗೆರೆ. ಮಂಜ ತನ್ನ ಲಾರಿ ನಿಲ್ಲಿಸಿಕೊಂಡು, ‘ಮೇಡಂ, ನನ್ನ ಕಲ್ಲಿನ ತೂಕ ನೋಡ್ತ್ರೋ, ದಿಲ್ಲಿದು ನೋಡ್ತ್ರೋ?’ ಎಂದು ಹಾರ್ನ್ ಹಾಕುತ್ತಾನೆ. ಅವ್ವ ಊಟ ತಂದವಳು, ‘ಎಂತದೇ ಅದು, ಅದ್ರ ಮುಂದೆ ಕುತ್ಕಂಡು ಒಬ್ಳೇ ನಗ್ತೀಯಲ್ಲ’ ಅಂದಳು. ಅವ್ವಾ, ನಗು ಬರುವ ಹಾಗೇ ಇದೆ.

ಕಾಟಾ ನಡೆಸುವವರು ಬೆಳಿಗ್ಗೆ ಮಾಡುವ ಮೊದಲ ಕೆಲಸ ಖಾಲಿ ಕಾಟಾ ನೋಡುವುದು. ಮೇಲೆ ಏನೂ ಇಲ್ಲದಾಗ ಅದು ಸೊನ್ನೆ ತೋರಿಸಬೇಕು. ಮಳೆನೀರು, ಕೆಸರು ನಿಂತಿದ್ದರೆ ಮೂವತ್ತು ನಲವತ್ತು ಕಿಲೋ ತೋರಿಸುತ್ತದೆ. ಅಪ್ಪ ಕಲಿಸಿದ್ದು. ಅದನ್ನೇ ನಾನು ನಿಮ್ಮ ವಿಮಾನಕ್ಕೆ ರನ್‌ವೇ ಸುತ್ತು ಎಂದು ಮಾಡಿಕೊಟ್ಟಿದ್ದೆ. ಹಾಗಾಗಿ ಇವತ್ತು ಹಿಮದ ಗೆರೆಗಳನ್ನೆಲ್ಲ ಬಿಟ್ಟು ಯಾರಿಗೂ ಬೇಡದ ನಿನ್ನ ರನ್‌ವೇ ತೆರೆದೆ. ತಿದ್ದುಪಡಿಯೆಲ್ಲ ಮುಗಿದ ಮೇಲೆ ಕೋಲಿನ ಅಳತೆಗೂ ಅದಕ್ಕೂ ವ್ಯತ್ಯಾಸ ಸೊನ್ನೆ ಇರಬೇಕು. ಇಲ್ಲ. ನಲವತ್ತೆರಡು ಸೆಂಟಿಮೀಟರ್ ಕೆಳಗಿದೆ. ಒಂದು ದಿನವಲ್ಲ, ಸುಮಾರಾಗಿ ಎಲ್ಲ ದಿನ.

ಯಾಕೆ ಎಂದು ತಿಳಿಯಲು ಹತ್ತು ನಿಮಿಷ ಸಾಕಾಯಿತು. ನನ್ನ ಕ್ರಮದಲ್ಲಿ ಸೊನ್ನೆಯನ್ನು ಮೊದಲ ಹೆಜ್ಜೆಯಲ್ಲೇ ಕಳೆಯುತ್ತೇವೆ. ಕೊನೆಯ ಹೆಜ್ಜೆಯ ಪುಟದಲ್ಲಿ ನೆನಪಿಗೆಂದು ‘ಸೊನ್ನೆ ಕಳೆ’ ಎಂದು ಗೀಚಿದ್ದೆ. ಕಳೆದಾಗಿದೆ ಎಂದು ಅರ್ಥ. ನೀನು ಅದನ್ನು ಅಪ್ಪಣೆ ಎಂದು ಓದಿದೆ. ನಲವತ್ತು ನಳಿಗೆ ತೊಳೆದ ಹಾಗೆ ಇನ್ನೊಮ್ಮೆ ಕಳೆದೆ. ನಿನ್ನ ಲೇಖನದಲ್ಲಿ ಹಿಮ ಅಷ್ಟು ಇಳಿದಿದೆ ಎಂದಿರುವುದರಲ್ಲಿ ನಲವತ್ತೆರಡು ಸೆಂಟಿಮೀಟರ್ ಸುಳ್ಳು. ಕನ್ನಡ ಬಾರದ ನಿನ್ನ ಪೈಲಟ್ ಸಹ ಈ ತಪ್ಪು ಮಾಡುತ್ತಿರಲಿಲ್ಲ.

ಈಗ ಹೇಳಿದರೆ ನೀನು ತಿದ್ದಿಕೊಳ್ಳುತ್ತೀಯ. ಥ್ಯಾಂಕ್ಸ್ ಹೇಳುತ್ತೀಯ. ನಿನ್ನ ಥ್ಯಾಂಕ್ಸ್ ಯಾರಿಗೆ ಬೇಕು? ಅಚ್ಚಾಗಲಿ. ಜಗತ್ತು ಓದಲಿ. ಸಿರ್ಸಿಯಲ್ಲಿ ನಿನಗೆ ಶಾಲು ಹೊದಿಸಲಿ. ಆಗ ಮೈಕಿನ ಮುಂದೆ ನಿಂತು ನಾನು ಆ ಎರಡು ಮಾತು ಆಡುತ್ತೇನೆ. ನಿನ್ನ ಮುಖ ನೋಡುತ್ತ ಆಡುತ್ತೇನೆ. ಅಪ್ಪ ಹಾಸಿಗೆಯಿಂದ ನನ್ನ ಮುಖ ನೋಡುತ್ತಿದ್ದ ಹಾಗೆ.

ಗಂಟೆ ಇವತ್ತೇ ತಂದಿಟ್ಟಿದ್ದೇನೆ. ಹಿತ್ತಾಳೆಯದು. ಮೇಜಿನ ಮೇಲಿದೆ.

ಮಮತಾ


ಯಲ್ಲಾಪುರ
12 ಜನವರಿ 2025

ಪ್ರೀತಿಯ ಸ್ಫೂರ್ತಿ,

ನೀನು ಏನೂ ಮಾಡಬೇಕಾಗಿಲ್ಲ. ಸಿಟ್ಟಿನಲ್ಲಿ ಏನೇನೋ ಬರೆದೆ. ನೀನು ಒಪ್ಪಿಕೊಂಡೆಯಲ್ಲ, ಮನಸ್ಸು ಹಗುರವಾಯಿತು. ಕೆಲಸ ಮುಗಿಸಿ ಹುಷಾರಾಗಿ ಬಾ. ಸಿರ್ಸಿಗೆ ನಾನು ಖಂಡಿತ ಬರುತ್ತೇನೆ.

ನಿನ್ನ
ಮಮತಾ


ಅಂಟಾರ್ಕ್ಟಿಕಾ, ಹಿಮನೆಲೆ
20 ಜನವರಿ 2025

ಮಮತಾ, ನನ್ನ ಮಾರಾಯ್ತಿ,

ನಿನ್ನ ಮೂರು ಸಾಲು ಓದಿ ಗೋಡೆಗೆ ಒರಗಿ ಅತ್ತೆ. ಇಲ್ಲಿ ಅಳುವುದೂ ಕಷ್ಟ, ಹೊರಗೆ ಹೋದರೆ ಕಣ್ಣೆವೆ ಅಂಟಿಕೊಳ್ಳುತ್ತದೆ.

ನಿನ್ನೆ ಕೊನೆಗೂ ಹಾರಿದೆವು. ಹಿಮನದಿ ಕಡಲಿಗೆ ಇಳಿಯುವ ಕಡೆ ದೊಡ್ಡ ದೊಡ್ಡ ಬಿರುಕು. ಕೆಳಗೆ ನೀಲಿ. ನಾಲ್ಕು ನೂರು ಮೀಟರ್ ಮೇಲೆ ವಿಮಾನ ಅಲುಗದ ಹಾಗೆ ಹೋಗಬೇಕು. ಆ ಹೊತ್ತಿಗೆ ಗಾಳಿ ಎತ್ತಿ ಒಗೆಯಿತು. ಹಿಡಿದುಕೊಳ್ಳಲು ಏನೂ ಸಿಗದೆ ನಿನ್ನ ನೋಟ್‌ಬುಕ್ ಎದೆಗೆ ಅವಚಿಕೊಂಡು ಕೂತಿದ್ದೆ. ಈ ಸೀಟಿನಲ್ಲಿ ನಾನು ಒಮ್ಮೆಯೂ ಆರಾಮವಾಗಿ ಕೂತಿಲ್ಲ ಮಮತಾ. ಒಂಬತ್ತು ವರ್ಷದಿಂದ ಅದು ನಿನ್ನದೇ ಸೀಟು.

ಈಗ ಕೆಲಸದ ಮಾತು. ಫೆಬ್ರವರಿ ಮೂರಕ್ಕೆ ಲೇಖನದ ಕೊನೆಯ ತಿದ್ದುಪಡಿ ಕಳಿಸಬೇಕು, ಆಮೇಲೆ ಅಚ್ಚು. ಅಂಕಿ ನಿನ್ನ ಹತ್ತಿರವೇ ಇದೆ. ನಿನಗಿಂತ ಚೆನ್ನಾಗಿ ನೋಡುವವರು ಯಾರೂ ಇಲ್ಲ. ಏನಾದರೂ ತಪ್ಪು ಕಂಡರೆ ಹೇಳು, ಎಷ್ಟೇ ದೊಡ್ಡದಿರಲಿ ತಿದ್ದುತ್ತೇನೆ. ಇಲ್ಲವಾದರೆ ‘ನೋಡಿದ್ದೇನೆ, ಒಪ್ಪಿಗೆ’ ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕು. ಯಾಕೆ ಎಂದು ಈಗ ಕೇಳಬೇಡ. ಸಿರ್ಸಿಯಲ್ಲಿ ಹೇಳುತ್ತೇನೆ.

ಸ್ಫೂರ್ತಿ


ಯಲ್ಲಾಪುರ
30 ಜನವರಿ 2025

ಪ್ರೀತಿಯ ಸ್ಫೂರ್ತಿ,

ಅಂಕಿಗಳನ್ನೂ ಲೇಖನವನ್ನೂ ಪೂರ್ತಿ ನೋಡಿದ್ದೇನೆ. ಎಲ್ಲಿಯೂ ತಪ್ಪಿಲ್ಲ. ನನ್ನ ಒಪ್ಪಿಗೆ ಇದೆ. ಹೀಗೇ ಅಚ್ಚಾಗಲಿ.

ಅಡುಗೆಯವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸುತ್ತೀಯೇನೋ. ಸೇರಿಸು, ಬೇಡ ಎನ್ನುವುದಿಲ್ಲ.

ಮಮತಾ ಕೆರಿಯಪ್ಪ ನಾಯ್ಕ


ಬನವಾಸಿ
12 ಮಾರ್ಚ್ 2025

ಮಮತಾ,

ಭಾನುವಾರ ಏನಾಯಿತು ಎಂದು ಸಿರ್ಸಿಯ ಸಭೆಯಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಉಲ್ಲಾಸ ಇನ್ನೂ ‘ಮಮತಕ್ಕಂಗೆ ಬಿ.ಪಿ. ಏರ್ತು ಕಾಣ್ತದೆ’ ಎನ್ನುತ್ತಿದ್ದಾನೆ. ತಿಳಿದವರು ನಾವಿಬ್ಬರೇ. ಆದ್ದರಿಂದ ಬರೆದಿಡುತ್ತೇನೆ.

ಶಾಲು ಹೊದಿಸಿದ ಮೇಲೆ ನಿನ್ನನ್ನು ಕರೆದರು. ನೀನು ಮಡಿಸಿದ ಹಾಳೆ ಹಿಡಿದು ಬಂದೆ. ನಿನ್ನ ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು, ನಾನು ಅದನ್ನು ಪ್ರೀತಿ ಎಂದುಕೊಂಡೆ. ನೀನು ಮೈಕು ಹಿಡಿಯುವ ಮೊದಲೇ ಎದ್ದು ಬಂದು ಅಚ್ಚಾದ ಲೇಖನವನ್ನು ನಿನ್ನ ಕೈಗೆ ಕೊಟ್ಟೆ. ನನ್ನ ಅವ್ವ ಶಾರದವ್ವ ಮುಂದಿನ ಸಾಲಿನಲ್ಲಿ ಕೂತು, ‘ಓದವ್ವಾ, ಜೋರಾಗಿ ಓದು, ಎಲ್ಲಾರೂ ಕೇಳ್ಲಿ’ ಅಂದಳು. ನೀನು ಮೊದಲ ಸಾಲು ಓದಿದೆ. ಜೋರಾಗಿ ಅಲ್ಲ. ಆಮೇಲೆ ನಿನ್ನ ಹಾಳೆಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿಕೊಂಡು ಇಳಿದು ಹೋದೆ.

ಮೊದಲನೇ ಹೆಸರು: ಮಮತಾ ಕೆರಿಯಪ್ಪ ನಾಯ್ಕ. ಎರಡನೆಯದು ನನ್ನದು.

ಡಿಸೆಂಬರಿನಲ್ಲಿ ನಿನಗೆ ಪತ್ರ ಬರೆದ ದಿನವೇ ವಿಜ್ಞಾನ ಪತ್ರಿಕೆಯ ಸಂಪಾದಕರಿಗೂ ಬರೆದಿದ್ದೆ. ಈ ಕ್ರಮ ನನ್ನದಲ್ಲ, ಮಮತಾಳದು, ಒಂಬತ್ತು ವರ್ಷ ಮುಚ್ಚಿಟ್ಟಿದ್ದೆ ಎಂದು. ಉಳಿದ ನಾಲ್ವರ ಎದುರು ತಲೆ ತಗ್ಗಿಸಿ ಒಪ್ಪಿಸಿದೆ. ಒಂದೇ ಕಾಗದ ಬಾಕಿ ಇತ್ತು, ನಿನ್ನ ಒಪ್ಪಿಗೆ. ನಿನ್ನ ಜನವರಿ ಮೂವತ್ತರ ಪತ್ರವನ್ನೇ ಅನುವಾದ ಮಾಡಿ ಕಳಿಸಿದೆ. ಕೇಳದೆ ಮಾಡಿದ್ದು ನನ್ನ ತಪ್ಪು. ಸಿರ್ಸಿಯಲ್ಲಿ, ನಮ್ಮ ಜನರ ಮುಂದೆ ನಿನಗೆ ಗೊತ್ತಾಗಲಿ ಎನ್ನುವ ಆಸೆ ಇತ್ತು.

ಸೋಮವಾರ ಸಂಪಾದಕರಿಂದ ಸಂದೇಶ ಬಂತು. ಲೇಖನದ ಮೇಲೆ ದೂರು ಬಂದಿದೆ, ದೂರು ಕೊಟ್ಟವರೂ ಮೊದಲ ಲೇಖಕರೂ ಒಬ್ಬರೇ, ಇದೇನು ಎಂದು ಕೇಳಿದ್ದಾರೆ. ನಿನ್ನ ದೂರನ್ನು ಲಗತ್ತಿಸಿದ್ದಾರೆ. ಶನಿವಾರ ಕಳಿಸಿದ್ದೀಯ. ಲೇಖನ ಅಚ್ಚಾಗಿ ಎಂಟು ದಿನವಾಗಿತ್ತು, ತೆರೆದೂ ನೋಡದೆ ಹಳೆಯ ಕರಡಿನ ಮೇಲೇ ದೂರು ಬರೆದೆಯಾ? ಜನವರಿ ಒಂಬತ್ತಕ್ಕೇ ತಪ್ಪು ಪತ್ತೆ ಹಚ್ಚಿದೆ ಎಂದು ಅದರಲ್ಲಿ ಹೆಮ್ಮೆಯಿಂದ ಬರೆದಿದ್ದೀಯ.

ನಾನು ಕೇಳಿದ್ದು ಜನವರಿ ಇಪ್ಪತ್ತಕ್ಕೆ. ಎಷ್ಟೇ ದೊಡ್ಡ ತಪ್ಪಿರಲಿ ಹೇಳು ಎಂದು ಬೇಡಿಕೊಂಡಿದ್ದೆ. ಫೆಬ್ರವರಿ ಮೂರರ ತನಕ ಸಮಯವಿತ್ತು. ಒಂದು ಸಾಲು ಸಾಕಿತ್ತು ಮಮತಾ. ಆ ಒಂದು ಸಾಲು ಬರೆದಿದ್ದರೆ ಇವತ್ತು ನಿನ್ನ ಹೆಸರು ಎಲ್ಲಕ್ಕಿಂತ ಮೇಲೆ, ಕಲೆಯಿಲ್ಲದೆ ನಿಂತಿರುತ್ತಿತ್ತು.

ನನಗೆ ಈಗ ಸಿಟ್ಟು ಬಂದಿದೆ. ಬರಬಾರದು ಎಂದು ಎಷ್ಟು ಹೇಳಿಕೊಂಡರೂ ಬಂದಿದೆ. ಮೊದಲ ಸಲ ನಿನ್ನನ್ನು ಕಳೆದವಳು ನಾನು. ಎರಡನೇ ಸಲ ನಿನ್ನನ್ನು ನೀನೇ ಕಳೆದುಕೊಂಡೆ.

ತಿದ್ದುಪಡಿ ಅಚ್ಚು ಹಾಕಲು ತಪ್ಪಿಗೆ ಕಾರಣ ಹೇಳುವ ಒಂದು ವಾಕ್ಯ ಬೇಕಂತೆ. ಮೊದಲ ಲೇಖಕಿಯೇ ಬರೆಯಬೇಕಂತೆ.

ಸ್ಫೂರ್ತಿ


ಯಲ್ಲಾಪುರ
19 ಮಾರ್ಚ್ 2025

ಸ್ಫೂರ್ತಿ,

ಏಳು ದಿನ ಬೇಕಾಯಿತು. ಸಂಪಾದಕರಿಗೆ ಬರೆದ ವಾಕ್ಯ ಇದು: ‘ಮೊದಲ ಲೇಖಕಿಯ ಟಿಪ್ಪಣಿಯ ಒಂದು ಶಬ್ದಕ್ಕೆ ಎರಡು ಅರ್ಥವಿದ್ದುದರಿಂದ ತಿದ್ದುಪಡಿಯನ್ನು ಎರಡು ಸಲ ಮಾಡಲಾಗಿದೆ, ಅಚ್ಚಿಗೆ ಮೊದಲೇ ಇದು ಅವರಿಗೆ ತಿಳಿದಿತ್ತು.’ ಕೊನೆಯ ಭಾಗ ಬೇಡ, ಅದರಿಂದ ನಿಮ್ಮ ಹೆಸರು ಮತ್ತೆ ಏಳುವುದಿಲ್ಲ ಎಂದು ಅವರು ಫೋನ್ ಮಾಡಿ ಹೇಳಿದರು. ಇರಲಿ ಅಂದೆ. ಹಿಮ ಕರಗುತ್ತಿರುವುದು ನಿಜ, ನಾವು ಹೇಳಿದಷ್ಟಲ್ಲ ಎಂದೂ ಸೇರಿಸಿದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಅಪ್ಪನ ಎರಡು ವರ್ಷ ಹಾಗೇ ಇದೆ, ಅದನ್ನು ಯಾವ ಲೇಖನದ ಮೊದಲ ಸಾಲೂ ತಿದ್ದುವುದಿಲ್ಲ. ಆದರೆ ಆ ಸಾಲು ಓದಿದಾಗ ನನಗೆ ಕಂಡದ್ದು ನನ್ನ ಹೆಸರಲ್ಲ. ನಡುವೆ ಕೆರಿಯಪ್ಪ ಎಂದಿತ್ತು. ನಿನ್ನನ್ನು ಬೀಳಿಸಲು ನಾನು ತೋಡಿದ ಗುಂಡಿಯಲ್ಲಿ ಅಪ್ಪನೂ ಇದ್ದಾನೆ.

ಗಂಟೆ ಇನ್ನೂ ಮೇಜಿನ ಮೇಲಿದೆ. ಅವ್ವ ಅದನ್ನು ಎತ್ತಿ ನೋಡಿ, ‘ಹರ್ಕೆ ತೀರ್ತಾ? ಹಂಗಾದ್ರೆ ಕಟ್ಟಿ ಬರೂದಲ್ವಾ?’ ಎಂದು ಕೇಳಿದಳು. ತೀರಿತು ಅಂದೆ. ಚಂದಗುಳಿಗೆ ಹೋಗಲು ಮಾತ್ರ ಕಾಲು ಏಳುತ್ತಿಲ್ಲ.

ಇದರ ಜೊತೆ ಇನ್ನೊಂದು ಪತ್ರ ಇದೆ. ಜನವರಿ ಒಂಬತ್ತರದ್ದು. ತಪ್ಪು ಎಲ್ಲಿದೆ, ಯಾಕಾಯಿತು, ಎಲ್ಲ ಅದರಲ್ಲಿ ಬರೆದಿದ್ದೆ. ಈಗ ಕಳಿಸುತ್ತಿದ್ದೇನೆ.

ಮಮತಾ ಕೆರಿಯಪ್ಪ ನಾಯ್ಕ